ಶೀತ ನೆಗಡಿಗೆ ಮನೆಯ ಕಷಾಯ: ಸಾಮಗ್ರಿ, ತಯಾರಿಕೆ, ಮಿತಿ

ಮಂಗಳೂರಿನಲ್ಲಿಯೂ ಅದರ ಸುತ್ತಣ ಗ್ರಾಮಗಳಲ್ಲಿಯೂ ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಸೆಪ್ಟೆಂಬರಿನ ತನಕ ನೆಲವಾಗಲಿ, ಗೋಡೆಯಾಗಲಿ, ಉಟ್ಟ ಬಟ್ಟೆಯಾಗಲಿ ಸರಿಯಾಗಿ ಒಣಗುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲ್ಪಟ್ಟು ಬೀಳುವ ಮಳೆಯ ಬಹುಭಾಗವು ಈ ನಾಲ್ಕು ತಿಂಗಳುಗಳಲ್ಲಿಯೇ ಸುರಿಯುವುದು. ನೇಜಿ ನೆಡುವುದು, ಅಡಿಕೆಯ ಗೊನೆಗಳಿಗೆ ಔಷಧ ಹೊಡೆಯುವುದು, ತೋಟದ ಕಣಿಗಳನ್ನು ಬಿಡಿಸುವುದು, ಇವೆಲ್ಲವೂ ಈ ಕಾಲದ ಕೆಲಸಗಳೇ. ಇದೇ ಕಾಲದಲ್ಲಿ ಮನೆಯ ಒಬ್ಬರಿಗೆ ನೆಗಡಿ ಹತ್ತಿತೆಂದರೆ ವಾರ ಕಳೆಯುವಷ್ಟರಲ್ಲಿ ಮನೆಯವರೂ ಕೆಲಸಗಾರರೂ ಸೇರಿ ನಾಲ್ಕೈದು ಮಂದಿ ಕೆಮ್ಮತೊಡಗುವರು. ಆಗ ಒಲೆಯ ಮೇಲೆ ಮೊದಲು ಏರುವುದು ಕಷಾಯದ ಪಾತ್ರೆ.

ಕಷಾಯ ಕಾಯಿಸಲು ತಿಳಿಯದ ಮನೆಯು ಈ ಸೀಮೆಯಲ್ಲಿ ಇಲ್ಲವೆಂದೇ ಹೇಳಬಹುದು. ಹಾಗಿದ್ದರೂ ಇದನ್ನು ಕುರಿತು ಬರೆಯುವುದಕ್ಕೆ ಕಾರಣವುಂಟು. ಒಳ್ಳೆಯ ಸಾಮಗ್ರಿಯನ್ನು ತಂದು ಅದರ ಸಾರವನ್ನು ಆವಿಯೊಡನೆ ಹಾರಿಸಿಬಿಡುವವರು ಬಹಳ ಮಂದಿ. ಔಷಧ ಹೊಡೆದ ಮರದ ಅಡಿಯಿಂದಲೇ ಎಲೆ ಕೊಯ್ದು ತರುವವರೂ ಇರುವರು. ಇವೆರಡಕ್ಕಿಂತ ಕೆಟ್ಟದ್ದು, ನೆಗಡಿಯಲ್ಲದ ಜ್ವರವನ್ನು ನೆಗಡಿಯೆಂದು ಬಗೆದು ನಾಲ್ಕೈದು ದಿನ ಕಷಾಯವನ್ನೇ ನಂಬಿ ಕೂಡುವುದು.

ಕಷಾಯವು ಮಾಡುವ ಕೆಲಸ

ನೆಗಡಿಯು ಮಳೆಯಲ್ಲಿ ನೆಂದುದರಿಂದಲೇ ಹುಟ್ಟುವ ಬೇನೆಯಲ್ಲ. ಅದನ್ನು ಉಂಟುಮಾಡುವ ವೈರಾಣುಗಳಲ್ಲಿ 200ಕ್ಕೂ ಹೆಚ್ಚು ಬಗೆಗಳುಂಟು. ಇವು ಕೆಮ್ಮು ಸೀನುಗಳ ತುಂತುರಿನಿಂದಲೂ, ಮೂಗನ್ನು ಒರಸಿಕೊಂಡ ಕೈಯಿಂದಲೂ ಒಬ್ಬರಿಂದೊಬ್ಬರಿಗೆ ಹರಡುವುವು. ಮಳೆಗಾಲದಲ್ಲಿ ಜನರು ಬಾಗಿಲು ಕಿಟಕಿಗಳನ್ನು ಮುಚ್ಚಿ ಒತ್ತಾಗಿ ಒಳಗೆ ಕೂಡುವುದರಿಂದ ಈ ಹರಡುವಿಕೆಗೆ ಅನುಕೂಲವಾಗುವುದು. ಸಾಮಾನ್ಯ ನೆಗಡಿಯು ಏಳರಿಂದ ಹತ್ತು ದಿನಗಳಲ್ಲಿ ತಾನಾಗಿಯೇ ಇಳಿಯುವುದು. ಯಾವ ಕಷಾಯವೂ ಈ ವೈರಾಣುಗಳನ್ನು ಕೊಲ್ಲುವುದೆಂದು ಹೇಳುವಂತಿಲ್ಲ. ಔಷಧದ ಅಂಗಡಿಯಿಂದ ತಂದು ನುಂಗುವ ಆಂಟಿಬಯೋಟಿಕ್ ಗುಳಿಗೆಗಳೂ ಇವುಗಳ ಮುಂದೆ ಕೆಲಸಕ್ಕೆ ಬಾರವು.

ಹಾಗಾದರೆ ಕಷಾಯ ಕುಡಿದೊಡನೆ ಗಂಟಲು ಹಗುರವಾಗುವುದೆಂಬ ಅನುಭವವು ಸುಳ್ಳೇ? ಸುಳ್ಳಲ್ಲ. 2008ರಲ್ಲಿ ವೇಲ್ಸ್ ದೇಶದ ಕಾರ್ಡಿಫ್ ವಿಶ್ವವಿದ್ಯಾನಿಲಯದವರು ನೆಗಡಿಯಾದ 30 ಮಂದಿಗೆ ಹಣ್ಣಿನ ಪಾನಕವೊಂದನ್ನು ಬಿಸಿಯಾಗಿಯೂ, ಬಿಸಿಯಿಲ್ಲದೆಯೂ ಕೊಟ್ಟು ಪರೀಕ್ಷಿಸಿದರು. ಮೂಗಿನಲ್ಲಿ ಗಾಳಿಯ ಹರಿವನ್ನು ಯಂತ್ರದಿಂದ ಅಳೆದಾಗ ಯಾವ ಬದಲಾವಣೆಯೂ ಕಾಣಲಿಲ್ಲ. ಆದರೆ ಬಿಸಿ ಪಾನಕ ಕುಡಿದವರಿಗೆ ಸೀನು, ಕೆಮ್ಮು, ಗಂಟಲು ನೋವು, ಚಳಿ, ಆಯಾಸ ಇವು ಒಡನೆಯೇ ಕಡಮೆಯಾದಂತೆ ತೋರಿತು. ಅಂದಮೇಲೆ ಬಿಸಿನೀರು ತಾನೇ ಅರ್ಧ ಮದ್ದು. ಉಳಿದ ಉಪಕಾರವು ಅದರಲ್ಲಿ ಬಿದ್ದ ವಸ್ತುಗಳದು. ಶುಂಠಿಯ ಖಾರವೂ ಒಳ್ಳೆಮೆಣಸಿನ ಖಾರವೂ ಬಾಯಲ್ಲಿ ನೀರೂರಿಸಿ, ಮೂಗಿನ ಗಟ್ಟಿ ಸಿಂಬಳವನ್ನು ಸಡಿಲಿಸಿ, ಮೈಯಲ್ಲಿ ಬೆವರು ಬರಿಸುವುವು. ಬೆಲ್ಲವಾಗಲಿ ಜೇನಾಗಲಿ ಕೆರೆದ ಗಂಟಲಿಗೆ ಲೇಪದಂತೆ ಕೂಡುವುದು. ಊಟ ಸೇರದಿರುವವನ ಹೊಟ್ಟೆಗೆ ನೀರು ಸೇರುವುದೇ ಒಂದು ದೊಡ್ಡ ಲಾಭ.

ಕುದಿಸತಕ್ಕ ವಸ್ತು, ಕುದಿಸಬಾರದ ವಸ್ತು

ಆಯುರ್ವೇದದಲ್ಲಿ ಕಷಾಯವೆಂಬುದು ಒಂದೇ ಬಗೆಯದಲ್ಲ. ಹಸಿಯ ವಸ್ತುವನ್ನು ಹಿಂಡಿದ ಸ್ವರಸ, ಅರೆದ ಕಲ್ಕ, ಕುದಿಸಿ ಇಳಿಸಿದ ಕ್ವಾಥ, ತಣ್ಣೀರಿನಲ್ಲಿ ರಾತ್ರಿ ನೆನೆಯಿಟ್ಟ ಹಿಮ, ಕುದಿನೀರನ್ನು ಹೊಯ್ದು ಮುಚ್ಚಿಟ್ಟ ಫಾಂಟ ಎಂದು ಐದು ವಿಧಗಳನ್ನು ಹೇಳಿರುವರು. ಶಾರ್ಙ್ಗಧರ ಸಂಹಿತೆಯಲ್ಲಿ ಕ್ವಾಥಕ್ಕೆ ವಸ್ತುವಿನ ಹದಿನಾರರಷ್ಟು ನೀರು ಹಾಕಿ ಎಂಟನೆಯ ಒಂದು ಪಾಲಿಗೆ ಇಳಿಸಬೇಕೆಂದೂ, ಫಾಂಟಕ್ಕೆ ನಾಲ್ಕರಷ್ಟು ಬಿಸಿನೀರು ಸಾಕೆಂದೂ ವಿಧಿಯುಂಟು. ಈ ಭೇದವು ಪಂಡಿತರ ಲೆಕ್ಕಾಚಾರವಷ್ಟೇ ಅಲ್ಲ. ತೊಗಟೆ, ಬೇರು, ಗಡ್ಡೆ, ಕಾಳು ಇವು ಗಟ್ಟಿಯಾದವು. ಇವುಗಳ ಸಾರ ನೀರಿಗೆ ಇಳಿಯಬೇಕಾದರೆ ಕುದಿಯಬೇಕು. ತುಳಸಿ, ದೊಡ್ಡಪತ್ರೆ, ಮಜ್ಜಿಗೆಹುಲ್ಲು ಮುಂತಾದವುಗಳ ಗುಣವಿರುವುದು ಅವುಗಳ ಪರಿಮಳದ ಎಣ್ಣೆಯಲ್ಲಿ, ಮತ್ತು ಆ ಎಣ್ಣೆಯು ಆವಿಯೊಡನೆ ಹಾರಿಹೋಗುವ ಜಾತಿಯದು. ತುಳಸಿಯನ್ನು ಅರ್ಧ ತಾಸು ತೆರೆದ ಪಾತ್ರೆಯಲ್ಲಿ ಕುದಿಸುವ ಮನೆಯಲ್ಲಿ ಅಡಿಗೆಮನೆಯೆಲ್ಲ ಘಮಘಮಿಸುವುದು. ಲೋಟದಲ್ಲಿ ಉಳಿಯುವುದು ಕಹಿಯಾದ ಹಸುರು ನೀರು ಮಾತ್ರ.

ಆದಕಾರಣ ನಾಲ್ಕು ಮಂದಿಗೆ ಕಷಾಯ ಕಾಯಿಸುವಾಗ 800 ಮಿಲಿಲೀಟರು ನೀರಿಗೆ ಹೆಬ್ಬೆರಳಿನಷ್ಟು, ಅಂದರೆ ಸುಮಾರು 15 ಗ್ರಾಂ ಹಸಿಶುಂಠಿಯನ್ನು ಜಜ್ಜಿ, 12 ಕಾಳು ಒಳ್ಳೆಮೆಣಸನ್ನು ಒಡೆದು, ಎರಡು ಚಿಕ್ಕ ಚಮಚ ಕೊತ್ತಂಬರಿ ಮತ್ತು ಒಂದು ಚಮಚ ಜೀರಿಗೆಯನ್ನು ಕೂಡಿಸಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸತಕ್ಕದ್ದು. ನೀರು ಮುಕ್ಕಾಲು ಪಾಲಿಗೆ ಇಳಿದಾಗ ಪಾತ್ರೆಯನ್ನು ಒಲೆಯಿಂದ ಕೆಳಗಿಟ್ಟು, ಆಮೇಲೆ ಇಪ್ಪತ್ತು ತುಳಸಿಯ ಎಲೆಗಳನ್ನೂ ಎರಡು ದೊಡ್ಡಪತ್ರೆಯ ಎಲೆಗಳನ್ನೂ ಹರಿದು ಹಾಕಿ, ಬಿಗಿಯಾಗಿ ಮುಚ್ಚಿ ಐದಾರು ನಿಮಿಷ ಬಿಡಬೇಕು. ಮುಚ್ಚಳವನ್ನು ತೆಗೆದಾಗ ಅದರ ಒಳಮೈಗೆ ಕೂತ ಹನಿಗಳನ್ನು ಪಾತ್ರೆಗೇ ಕೊಡಹಬೇಕು. ಹಾರಿದ ಎಣ್ಣೆಯಲ್ಲಿ ಸ್ವಲ್ಪವಾದರೂ ಅಲ್ಲಿರುವುದು. ಅನಂತರ ಸೋಸಿ ಬೆಲ್ಲ ಹಾಕುವುದು. ತಾಳೆಯ ಓಲೆಬೆಲ್ಲ ದೊರೆತರೆ ರುಚಿ ಬಲು ಚೆನ್ನ. ಆದರೆ ಓಲೆಬೆಲ್ಲವೂ ಸಕ್ಕರೆಯೇ ಆದುದರಿಂದ ಮಧುಮೇಹವಿರುವವರು ಅದನ್ನು ಮದ್ದೆಂದು ತಿಳಿದು ಮೋಸಹೋಗಬಾರದು.

ಹಾಲು ಬೆರೆಸುವ ವಾಡಿಕೆಯುಳ್ಳವರು ಬೆಲ್ಲವನ್ನೂ ಹಾಲನ್ನೂ ಒಟ್ಟಿಗೆ ಕುದಿಸಿದರೆ ಹಾಲು ಒಡೆಯುವುದುಂಟು. ಕಷಾಯವನ್ನು ಇಳಿಸಿ, ಬೆಲ್ಲ ಕರಗಿಸಿ, ಕುದಿ ನಿಂತ ಮೇಲೆ ಬೇರೆ ಕಾಯಿಸಿದ ಹಾಲನ್ನು ಹೊಯ್ದರೆ ಈ ತೊಂದರೆಯಿಲ್ಲ. ಪಾತ್ರೆಯ ವಿಷಯದಲ್ಲಿಯೂ ಎಚ್ಚರ ಬೇಕು. ಕಲಾಯಿ ಹೋದ ತಾಮ್ರ ಹಿತ್ತಾಳೆಗಳಲ್ಲಿ, ಮುಖ್ಯವಾಗಿ ಲಿಂಬೆಹಣ್ಣು ಹಿಂಡುವ ಕಷಾಯವನ್ನು ಮಾಡಲೇಬಾರದು. ಹುಳಿಯು ಲೋಹವನ್ನು ಕರಗಿಸಿ ವಾಂತಿ ತರುವುದು. ಮಣ್ಣಿನ ಗಡಿಗೆಯಾಗಲಿ ಉಕ್ಕಿನ ಪಾತ್ರೆಯಾಗಲಿ ನಿರಪಾಯವಾದುದು. ಕುಡಿಯುವಾಗ ತುಟಿಗೆ ಹಿತವಾದಷ್ಟು ಬಿಸಿಯಿದ್ದರೆ ಸಾಕು. ಸುಡುವ ಕಷಾಯವನ್ನು ನುಂಗುವುದು ಶೌರ್ಯವಲ್ಲ.

ಪುಡಿ ಮಾಡಿಡುವ ಕ್ರಮ

ಹಸಿ ಸಾಮಗ್ರಿಯನ್ನು ಹುಡುಕುತ್ತ ಮಳೆಯಲ್ಲಿ ಅಲೆಯುವುದಕ್ಕಿಂತ ಮೇ ತಿಂಗಳ ಬಿಸಿಲಿನಲ್ಲಿಯೇ ಕಷಾಯದ ಪುಡಿಯನ್ನು ಸಿದ್ಧಮಾಡಿಡುವುದು ಗೃಹಿಣಿಯರ ಹಳೆಯ ಜಾಣತನ. ಕೊತ್ತಂಬರಿ 100 ಗ್ರಾಂ, ಜೀರಿಗೆ 50 ಗ್ರಾಂ, ಒಣಶುಂಠಿ 20 ಗ್ರಾಂ, ಒಳ್ಳೆಮೆಣಸು 15 ಗ್ರಾಂ, ಮೆಂತ್ಯ 10 ಗ್ರಾಂ, ಏಲಕ್ಕಿ 5 ಗ್ರಾಂ ಎಂಬುದು ಒಂದು ಹಿತವಾದ ಪ್ರಮಾಣ. ಮನೆಮನೆಗೂ ಇದು ಸ್ವಲ್ಪ ಬೇರೆಯಾಗುವುದು, ಆಗಲಿ. ಒಂದೊಂದನ್ನೂ ಬೇರೆಬೇರೆಯಾಗಿ ಹುರಿಯಬೇಕು, ಏಕೆಂದರೆ ಕೊತ್ತಂಬರಿಗೆ ಬೇಕಾದ ಕಾವಿನಲ್ಲಿ ಜೀರಿಗೆಯು ಸೀದುಹೋಗುವುದು. ಏಲಕ್ಕಿಯನ್ನು ಹುರಿಯುವ ಅಗತ್ಯವಿಲ್ಲ. ಪೂರ್ತಿ ಆರಿದ ಮೇಲೆ ಪುಡಿಮಾಡಿ ಗಾಜಿನ ಭರಣಿಗಳಲ್ಲಿ ತುಂಬಬೇಕು. ಒಂದೇ ದೊಡ್ಡ ಭರಣಿಗಿಂತ ಚಿಕ್ಕ ನಾಲ್ಕು ಭರಣಿಗಳು ಮೇಲು. ಮುಚ್ಚಳ ತೆಗೆದಂತೆಲ್ಲ ಮಳೆಗಾಲದ ತೇವವು ಒಳಸೇರುವುದು. ಒದ್ದೆ ಚಮಚ ಹಾಕಿ ಗಂಟುಗಟ್ಟಿದ, ಬೂಸಲು ವಾಸನೆ ಬಂದ ಪುಡಿಯನ್ನು ಮತ್ತೆ ಹುರಿದು ಉಪಯೋಗಿಸುವರು. ಇದು ಕೂಡದು. ಬೂಸಲಿನ ಕೆಲವು ವಿಷಗಳು ಒಲೆಯ ಕಾವಿಗೆ ನಾಶವಾಗುವಂಥವಲ್ಲ.

ಪುಡಿಯ ಗುಣವೆಲ್ಲ ಶುಂಠಿ ಮೆಣಸುಗಳ ಒಣಗಿಸುವಿಕೆಯಲ್ಲಿದೆ, ಮತ್ತು ಇದು ಹಿಡುವಳಿದಾರರ ಕೈಯಲ್ಲಿರುವ ಸಂಗತಿ. ಈ ಎರಡು ಬೆಳೆಗಳಿಗೆ ಮಂಗಳೂರು ಹೊಸದಲ್ಲ. 14ನೆಯ ಶತಮಾನದಲ್ಲಿ ಈ ಬಂದರಿಗೆ ಬಂದಿದ್ದ ಪ್ರವಾಸಿ ಇಬ್ನ್ ಬತೂತನು, ಪಾರಸಿ ಮತ್ತು ಯೆಮೆನ್ ದೇಶಗಳ ವರ್ತಕರು ಇಲ್ಲಿ ಇಳಿಯುವರೆಂದೂ, ಮೆಣಸೂ ಶುಂಠಿಯೂ ಇಲ್ಲಿ ಹೇರಳವೆಂದೂ ಬರೆದಿಟ್ಟಿರುವನು. ಅಷ್ಟು ಹೆಸರಾದ ಸೀಮೆಯವರು ಇಂದು ಒಣಶುಂಠಿಯನ್ನು ಜೀನಸಿನ ಅಂಗಡಿಯಿಂದ ಕೊಳ್ಳುವುದು ನಗೆಗೀಡು.

ಮೇ ತಿಂಗಳ ಮುಂಗಾರು ಹನಿಗಳೊಡನೆ, ನೀರು ನಿಲ್ಲದಂತೆ ಎತ್ತರಿಸಿದ ಪಾತಿಗಳಲ್ಲಿ, 20ರಿಂದ 25 ಗ್ರಾಂ ತೂಕದ ರೋಗವಿಲ್ಲದ ತುಂಡುಗಳನ್ನು ನೆಟ್ಟರೆ ಎಂಟು ತಿಂಗಳಿಗೆ, ಅಂದರೆ ಒಣಗಿಸಲು ಬಿಸಿಲು ಹೇರಳವಾಗಿರುವ ಜನವರಿಗೆ, ಶುಂಠಿಯು ಬಲಿಯುವುದು. ಕರಾವಳಿಯ ಮಳೆಯಲ್ಲಿ ಗಡ್ಡೆ ಕೊಳೆಯುವ ರೋಗವೇ ಇದರ ದೊಡ್ಡ ಶತ್ರು. ನೀರು ಬಸಿಯದ ಪಾತಿಯಲ್ಲಿ ಯಾವ ಔಷಧವೂ ಇದನ್ನು ತಡೆಯದು. ಕಿತ್ತ ಗಡ್ಡೆಗಳನ್ನು ತೊಳೆದು ಬಿದಿರಿನ ಸೀಳಿನಿಂದ ಹೊರಸಿಪ್ಪೆಯನ್ನಷ್ಟೆ ತೆಳುವಾಗಿ ಕೆರೆಯಬೇಕು. ಪರಿಮಳದ ಎಣ್ಣೆಯು ಸಿಪ್ಪೆಯ ಕೆಳಗೇ ಇರುವುದರಿಂದ ಚೂರಿಯಿಂದ ಆಳವಾಗಿ ಕೆತ್ತಿದವನು ಒಳ್ಳೆಯದನ್ನು ಕೆತ್ತಿ ಬಿಸಾಡಿದಂತಾಯಿತು. ಏಳರಿಂದ ಹತ್ತು ದಿನದ ಬಿಸಿಲಿಗೆ 100 ಕಿಲೋ ಹಸಿಶುಂಠಿಯು 19ರಿಂದ 25 ಕಿಲೋ ಒಣಶುಂಠಿಯಾಗಿ ಇಳಿಯುವುದು. ಒಣಗುವಾಗ ಹಸಿಶುಂಠಿಯ ಖಾರವಾದ ಜಿಂಜರಾಲ್ ಎಂಬ ದ್ರವ್ಯದ ಒಂದು ಭಾಗವು ಶೋಗಾಲ್ ಎಂಬ ಇನ್ನೂ ತೀಕ್ಷ್ಣವಾದ ದ್ರವ್ಯವಾಗಿ ಮಾರ್ಪಡುವುದು. ಒಣಶುಂಠಿಯ ಖಾರ ಬೇರೆಯೆಂದು ಅಜ್ಜಿಯರು ಹೇಳುತ್ತಿದ್ದುದು ಇದನ್ನೇ.

ಒಳ್ಳೆಮೆಣಸನ್ನು ಗೊಂಚಲಿನಿಂದ ಬಿಡಿಸಿ, ಬುಟ್ಟಿಯಲ್ಲಿಟ್ಟು ಕುದಿನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಕೊಳೆಯೂ ಸೂಕ್ಷ್ಮಜೀವಿಗಳೂ ಕಡಮೆಯಾಗಿ, ಬೇಗ ಒಣಗಿ, ಒಂದೇ ಸಮನಾದ ಕಪ್ಪು ಬಣ್ಣ ಬರುವುದು. ಸೆಗಣಿ ಸಾರಿಸಿದ ಅಂಗಳದಲ್ಲಿ ನೇರವಾಗಿ ಹರಡುವ ಪದ್ಧತಿಯನ್ನು ಬಿಟ್ಟು ಚಾಪೆ ಅಥವಾ ತಾಡಪತ್ರಿಯ ಮೇಲೆ ಒಣಗಿಸುವುದು ಅವಶ್ಯ, ಕುಡಿಯುವ ಪದಾರ್ಥವಲ್ಲವೇ. ಅಂಗಡಿಯಿಂದ ಕೊಳ್ಳುವವರು ನಾಲ್ಕು ಕಾಳನ್ನು ನೀರಿಗೆ ಹಾಕಿ ನೋಡಲಿ. ಗಟ್ಟಿ ಮೆಣಸು ಮುಳುಗುವುದು. ಪಪ್ಪಾಯಿಯ ಬೀಜವೂ ಜೊಳ್ಳು ಕಾಳೂ ತೇಲುವುವು.

ಎಲೆಗಳನ್ನು ಎಲ್ಲಿಂದ ಕೊಯ್ಯಬೇಕು

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಹೊಡೆಯುವ ಪದ್ಧತಿಯು ಎಲ್ಲ ತೋಟಗಾರರಿಗೂ ತಿಳಿದುದೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬವರು ಈ ರೋಗವನ್ನು ಕುರಿತ ತಮ್ಮ ಸಂಶೋಧನೆಯನ್ನು 1910ರಲ್ಲಿ ಪ್ರಕಟಿಸಿದರು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಪ್ರಮಾಣದ ಈ ದ್ರಾವಣವನ್ನು ಮಳೆಗೆ ಮುಂಚೆ ಒಮ್ಮೆಯೂ, ಸುಮಾರು ನಲವತ್ತೈದು ದಿನಗಳ ಮೇಲೆ ಮತ್ತೊಮ್ಮೆಯೂ ಹೊಡೆಯುವರು. ಇದರ ಮೇಲ್ಮೆಯೆಂದರೆ ಮಳೆಗೆ ತೊಳೆದುಹೋಗದೆ ಅಂಟಿಕೊಂಡಿರುವುದು. ಕಷಾಯದ ದೃಷ್ಟಿಯಿಂದ ಇದೇ ಅದರ ದೋಷ. ಅಡಿಕೆಯ ಗೊನೆಗೆ ಹೊಡೆದ ದ್ರಾವಣವು ಕೆಳಗಿನ ತುಳಸಿ, ದೊಡ್ಡಪತ್ರೆ, ವೀಳ್ಯದೆಲೆಗಳ ಮೇಲೆ ತೊಟ್ಟಿಕ್ಕಿ ಕೂಡುವುದು. ಗಂಟೆಗಟ್ಟಲೆ ಸುರಿದ ಮಳೆಗೆ ಹೋಗದ ತಾಮ್ರವು ಬಾವಿಕಟ್ಟೆಯಲ್ಲಿ ಒಮ್ಮೆ ಜಾಲಿಸಿದ ಮಾತ್ರಕ್ಕೆ ಹೋಗುವುದೆಂದು ಹೇಗೆ ನಂಬುವುದು? ನೆಗಡಿಯ ಕಾಲವೂ ಔಷಧ ಹೊಡೆಯುವ ಕಾಲವೂ ಒಂದೇ ಆಗಿರುವುದರಿಂದ ಈ ಮಾತು ಮುಖ್ಯವಾದುದು.

ಆದುದರಿಂದ ಕಷಾಯದ ಗಿಡಗಳಿಗೆ ತೋಟದಿಂದ ದೂರವಾಗಿ, ಮನೆಯ ಹಿತ್ತಲಲ್ಲಿ, ಮಾಡಿನ ನೀರು ಬೀಳದ ಕಡೆ ಒಂದು ಪಾತಿಯನ್ನು ಮೀಸಲಿಡುವುದು ಯುಕ್ತ. ಎರಡು ತುಳಸಿ, ಕಡ್ಡಿ ಊರಿದರೆ ಚಿಗುರುವ ದೊಡ್ಡಪತ್ರೆ, ಒಂದು ಬುಡ ಮಜ್ಜಿಗೆಹುಲ್ಲು, ಇಷ್ಟಿದ್ದರೆ ಒಂದು ಕುಟುಂಬಕ್ಕೆ ಧಾರಾಳ. ಕರಾವಳಿಯಲ್ಲಿ ದೊಡ್ಡಪತ್ರೆಯನ್ನು ಸಾಂಬ್ರಾಣಿ ಎಂತಲೂ ಕರೆಯುವುದುಂಟು. ಧೂಪದ ಸಾಂಬ್ರಾಣಿ ಬೇರೆ. ನಗರದಲ್ಲಿ ಹಿತ್ತಲಿಲ್ಲದವರು ಚಟ್ಟಿಯಲ್ಲಿ ಬೆಳೆಸಬಹುದು, ಆದರೆ ಚಟ್ಟಿಯ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಗೊಟ್ಟರೆ ಸೊಳ್ಳೆಗಳನ್ನೂ ಬೆಳೆಸಿದಂತಾಗುವುದು.

ಬಲವಾದ ಮೂಲಿಕೆಗಳು

ತುಳಸಿ ಶುಂಠಿಗಳಷ್ಟು ಸೌಮ್ಯವಲ್ಲದ ಮೂಲಿಕೆಗಳನ್ನೂ ಜನರು ಪಾತ್ರೆಗೆ ಸೇರಿಸುವರು. ಆಡುಸೋಗೆಯು ಕಫವನ್ನು ಸಡಿಲಿಸುವುದು ನಿಜ. ಕೆಮ್ಮಿಗೆ ಕೊಡುವ ಬ್ರೋಮ್‌ಹೆಕ್ಸಿನ್ ಎಂಬ ಔಷಧವು ಅದರ ವಾಸಿಸಿನ್ ಎಂಬ ದ್ರವ್ಯವನ್ನು ಅನುಸರಿಸಿ ತಯಾರಾದುದು. ಆದರೆ ಬಸುರಿಯರಿಗೆ ಅದು ಕೂಡದು. ಜ್ಯೇಷ್ಠಮಧುವು ಗಂಟಲಿಗೆ ಹಿತವಾದರೂ ದಿನದಿನವೂ ಕುಡಿದರೆ ರಕ್ತದ ಒತ್ತಡವನ್ನು ಏರಿಸುವುದು. 2020ರಲ್ಲಿ ಕೋವಿಡ್ ಹರಡಿದಾಗ ಆಯುಷ್ ಸಚಿವಾಲಯವು ತುಳಸಿ ನಾಲ್ಕು ಪಾಲು, ದಾಲ್ಚಿನ್ನಿ ಎರಡು, ಒಣಶುಂಠಿ ಎರಡು, ಒಳ್ಳೆಮೆಣಸು ಒಂದು ಪಾಲಿನ ಪುಡಿಯನ್ನು ಸೂಚಿಸಿತು. ಅದರ ಪ್ರಮಾಣ 150 ಮಿಲಿಲೀಟರು ನೀರಿಗೆ ಕೇವಲ 3 ಗ್ರಾಂ, ದಿನಕ್ಕೆ ಒಂದೆರಡು ಬಾರಿ. ಆದರೆ ಅಳತೆ ಮೀರಿ, ಕಂಡ ಕಂಡ ಬಳ್ಳಿಯನ್ನು ಹಾಕಿ ಕುಡಿದವರುಂಟು. ಅದೇ ವರ್ಷ ಅಮೃತಬಳ್ಳಿಯ ಸೇವನೆಯ ಬಳಿಕ ಆರು ಮಂದಿಗೆ ಯಕೃತ್ತಿನ ಹಾನಿಯಾದುದನ್ನು ಮುಂಬಯಿಯ ವೈದ್ಯರು ಕಂಡು 2021ರಲ್ಲಿ ಪ್ರಕಟಿಸಿದರು. ಸಚಿವಾಲಯವು ಇದನ್ನೊಪ್ಪದೆ, ಅಮೃತಬಳ್ಳಿಯನ್ನೇ ಹೋಲುವ ಬೇರೆ ಬಳ್ಳಿಯನ್ನು ಬಳಸಿರಬಹುದೆಂದು ವಾದಿಸಿತು. ಯಾರ ಮಾತು ನಿಜವಾದರೂ, ಗುರುತು ತಿಳಿಯದ ಬಳ್ಳಿಯನ್ನು ಮುಟ್ಟಬಾರದೆಂಬುದು ಎರಡರಿಂದಲೂ ಸಿದ್ಧವಾಗುವುದು.

ಗುರುತು ತಪ್ಪಿದರೆ ಪ್ರಾಣವೇ ಹೋಗುವ ಸಂದರ್ಭವೊಂದು ತುಳುನಾಡಿನಲ್ಲಿ ಪ್ರತಿವರ್ಷವೂ ಬರುವುದು. ಆಟಿ ಅಮಾವಾಸ್ಯೆಯ ಬೆಳಗಿನಲ್ಲಿ ಕುಡಿಯುವ ಹಾಲೆಮರದ ತೊಗಟೆಯ ಕಷಾಯವು ನೆಗಡಿಯ ಮದ್ದಲ್ಲವಾದರೂ, ಅದೇ ಮಳೆಗಾಲದ ಅದೇ ಒಲೆಯ ಪದಾರ್ಥ. ಸೂರ್ಯೋದಯಕ್ಕೆ ಮುಂಚೆ ಕತ್ತಲೆಯಲ್ಲಿ ತೊಗಟೆ ಕೆತ್ತುವ ಸಂಪ್ರದಾಯವಿರುವುದರಿಂದ, ಹಾಲೆಯೆಂದು ಭ್ರಮಿಸಿ ಕಾಸರ್ಕವನ್ನು ಕೆತ್ತುವ ಅಪಾಯವುಂಟು. ಕಾಸರ್ಕದ ಬೀಜದಲ್ಲಿಯೂ ತೊಗಟೆಯಲ್ಲಿಯೂ ಸೆಳೆವು ಬರಿಸಿ ಕೊಲ್ಲುವ ವಿಷಗಳಿವೆ. ಹಾಲೆಮರಕ್ಕೆ ಗಾಯ ಮಾಡಿದರೆ ಬಿಳಿಯ ಹಾಲು ಸುರಿಯುವುದು. ಅದರ ಎಲೆಗಳು ಒಂದೇ ಗಿಣ್ಣಿನ ಸುತ್ತ ಐದು ಏಳರಂತೆ ಕೊಡೆಯಾಗಿ ನಿಲ್ಲುವುವು. ಕಾಸರ್ಕಕ್ಕೆ ಹಾಲಿಲ್ಲ, ಎಲೆಗಳು ಎದುರೆದುರು ಜೋಡಿಯಾಗಿರುವುವು. ಊರಿನ ಹಿರಿಯರು ಹಿಂದಿನ ದಿನ ಹಗಲಿನಲ್ಲಿಯೇ ಮರವನ್ನು ಗೊತ್ತುಮಾಡಿ ಅದಕ್ಕೊಂದು ಹಗ್ಗ ಕಟ್ಟಿಸಿಡುವುದು ಕಷ್ಟದ ಕೆಲಸವೇನಲ್ಲ.

ಕಷಾಯವನ್ನು ನಿಲ್ಲಿಸಿ ಆಸ್ಪತ್ರೆಗೆ ಹೋಗತಕ್ಕ ಸಂದರ್ಭಗಳು

ಒಂದು ವರ್ಷ ತುಂಬದ ಕೂಸಿಗೆ ಜೇನನ್ನು ನೆಕ್ಕಿಸಲೂಬಾರದು, ಕಷಾಯದಲ್ಲಿಯೂ ಕೊಡಬಾರದು. ಜೇನಿನಲ್ಲಿರಬಹುದಾದ ಒಂದು ಬಗೆಯ ಜೀವಾಣುವಿನ ಬೀಜಗಳು ಕೂಸಿನ ಕರುಳಿನಲ್ಲಿ ಮೊಳೆತು, ಮೈಯನ್ನು ಸೋಲಿಸುವ ವಿಷವನ್ನು ಹುಟ್ಟಿಸಬಲ್ಲವು. ಕುದಿಸಿದರೂ ಆ ಬೀಜಗಳು ಸಾಯವು. ಆರು ತಿಂಗಳೊಳಗಿನ ಕೂಸಿಗೆ ತಾಯಿಯ ಹಾಲಲ್ಲದೆ ಯಾವ ಕಷಾಯವೂ ಬೇಡ. ನೆಗಡಿಯಾದ ಮಗುವಿನ ಉಸಿರನ್ನು ಗಡಿಯಾರ ಹಿಡಿದು ಎಣಿಸುವುದನ್ನು ಪ್ರತಿ ಮನೆಯವರೂ ಕಲಿಯಬೇಕು. ನಿಮಿಷಕ್ಕೆ ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರು ಬಂದರೆ, ಇಲ್ಲವೆ ಉಸಿರೆಳೆದಾಗ ಪಕ್ಕೆಯ ಕೆಳಭಾಗವು ಒಳಕ್ಕೆ ಸೇದಿದರೆ, ಅದು ಶ್ವಾಸಕೋಶದ ಬೇನೆಯಾಗಿರಬಹುದು. ಆ ಮಗುವನ್ನು ಅಂದೇ, ರಾತ್ರಿಯಾದರೂ, ವೈದ್ಯರಲ್ಲಿಗೆ ಒಯ್ಯಬೇಕು.

ದೊಡ್ಡವರ ವಿಷಯದಲ್ಲಿ ಹೆಚ್ಚು ಮೋಸವಾಗುವುದು ಜ್ವರದಲ್ಲಿ. 1990ರ ದಶಕದಿಂದ ಮೊದಲ್ಗೊಂಡು ಅನೇಕ ವರ್ಷಗಳ ಕಾಲ ಮಲೇರಿಯಾಕ್ಕೆ ಹೆಸರಾಗಿದ್ದ ನಗರವಿದು. ಮಳೆಗಾಲದಲ್ಲಿ ಡೆಂಗಿಯೂ ಇಲಿಜ್ವರವೂ ಬರುವುದುಂಟು. ಇವು ಮೂರೂ ಮೈಕೈ ನೋವು, ತಲೆನೋವುಗಳಿಂದ ಆರಂಭವಾಗುವುದರಿಂದ ಮೊದಲನೆಯ ದಿನ ನೆಗಡಿಯಂತೆಯೇ ತೋರುವುವು. ಆದರೆ ನೆಗಡಿಯಲ್ಲಿ ಮೂಗು ಸುರಿಯುವುದೇ ಮುಖ್ಯ. ದೊಡ್ಡವರಿಗೆ ಜ್ವರ ಬಂದರೂ ಅಲ್ಪ. ಮೂಗು ಸುರಿಯದೆ ಜ್ವರವೇ ಮೇಲಾಗಿದ್ದರೆ, ನಡುಕದ ಚಳಿ ಬಿಟ್ಟುಬಿಟ್ಟು ಬಂದರೆ, ಕಣ್ಣಿನ ಹಿಂದೆ ನೋವು ಅಥವಾ ಒಸಡಿನಲ್ಲಿ ರಕ್ತ ಕಂಡರೆ, ಕಣ್ಣು ಕೆಂಪಗಾಗಿ ಮೀನಖಂಡಗಳು ಮುಟ್ಟಗೊಡದಷ್ಟು ನೋಯುತ್ತಿದ್ದರೆ, ಮೂತ್ರ ಕಡಮೆಯಾದರೆ, ಕಷಾಯದ ಮಾತನ್ನು ಬಿಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೋ ಕಳುಹಿಸತಕ್ಕದ್ದು. ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆ ಅಗತ್ಯ.

ಕೆಲಸಗಾರರಿಗೆ ಗದ್ದೆಯ ಬದುವಿಗೆ ಬಿಸಿ ಕಷಾಯ ಕಳುಹಿಸುವ ಯಜಮಾನರು ಒಳ್ಳೆಯ ಕೆಲಸವನ್ನೇ ಮಾಡುವರು. ಆದರೆ ಜ್ವರವೆಂದು ಎರಡು ದಿನ ಕೆಲಸಕ್ಕೆ ಬಾರದವನ ಮನೆಗೆ ಕಷಾಯದ ಪುಡಿಯನ್ನಷ್ಟೆ ಕಳುಹಿಸಿ ಸುಮ್ಮನಾಗಬಾರದು. ಕೂಲಿ ತಪ್ಪೀತೆಂಬ ಅಂಜಿಕೆಯಿಂದ ಅವನು ಆಸ್ಪತ್ರೆಗೆ ಹೋಗದೆ ಉಳಿಯುವನು. ಒಂದು ದಿನದ ಕೂಲಿಯನ್ನು ಬಿಡದೆ ಕೊಟ್ಟು ಜೊತೆಗೊಬ್ಬರನ್ನು ಕಳುಹಿಸಬೇಕು; ಸರಕಾರಿ ಕೇಂದ್ರಗಳಲ್ಲಿ ಮಲೇರಿಯಾದ ರಕ್ತಪರೀಕ್ಷೆಗೆ ಹಣವಿಲ್ಲ. ಗ್ರಾಮದ ಮುಖಂಡರು ಆಶಾ ಕಾರ್ಯಕರ್ತೆಯರಿಗೆ ಇಂಥವರ ಮನೆಯನ್ನು ತಿಳಿಸಿದರೂ ಆದೀತು. ವೈದ್ಯರ ಮುಂದೆ ಮರೆಯದೆ ಹೇಳಬೇಕಾದ ಸಂಗತಿಗಳು ಎರಡು: ರೋಗಿಯು ಬರಿಗಾಲಿನಲ್ಲಿ ನೀರು ನಿಂತ ಗದ್ದೆಯಲ್ಲಿ ಎಷ್ಟು ದಿನ ಕೆಲಸ ಮಾಡಿದ್ದಾನೆ, ಮತ್ತು ಮನೆಯಲ್ಲಿ ಯಾವ ಯಾವ ಮೂಲಿಕೆಯ ಕಷಾಯವನ್ನು ಕುಡಿದಿದ್ದಾನೆ.